ಹೆಸರಿರುವ ಬುಟ್ಟಿಗಳು

ಜುಲೈ ೩

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ನಿಮ್ಮ ಕಿವಿ ಕೈಕೊಟ್ಟ ಮೇಲೆ ಫೋನಿನಲ್ಲಿ ನಾವು ಆಡುವುದೆಲ್ಲ ಬರೀ ಕೂಗಾಟವಾಗಿದೆ. ಮೊನ್ನೆ ನಾನು ಗಂಟಲು ಹರಿದುಕೊಂಡು ಕಷ್ಟ ಹೇಳಿಕೊಂಡರೆ ನೀವು “ಸಂತೋಷ, ಸಂತೋಷ” ಎಂದು ಹೇಳಿ ಇಟ್ಟುಬಿಟ್ಟಿರಿ. ಆದ್ದರಿಂದ ಅತ್ತೆ ಹೇಳಿದಂತೆ ಕಾಗದ ಬರೆಯುತ್ತಿದ್ದೇನೆ. ಇದನ್ನಾದರೂ ಸಂತೋಷ ಎನ್ನದೆ ಓದಿ.

ನಗರಸಭೆಯ ಆರೋಗ್ಯ ವಿಭಾಗದಲ್ಲಿ ನನ್ನದು ಇನ್ನೂ ಗುತ್ತಿಗೆಯ ಕೆಲಸ. ಈ ವರ್ಷ ನನ್ನ ಪಾಲಿಗೆ ಬಂದಿರುವುದು ಬೀದಿಬದಿಯ ಜೋಡಿ ಬುಟ್ಟಿಗಳು. ಒಂದು ಬಾಯಿ ಮರುಬಳಕೆಯಾಗುವ ಕಾಗದ, ಬಾಟಲಿ, ಡಬ್ಬಿಗಳಿಗೆ. ಇನ್ನೊಂದು ಉಳಿದ ಕಸಕ್ಕೆ. ತಯಾರಕರು ಹತ್ತು ಜೋಡಿಗಳನ್ನು ಪರೀಕ್ಷೆಗೆಂದು ಕೊಟ್ಟಿದ್ದಾರೆ. ವರ್ಷ ಮುಗಿಯುವುದರೊಳಗೆ ಬೆಲೆ ಕೊಡಬೇಕು, ಇಲ್ಲವಾದರೆ ಲಾರಿ ತಂದು ಹೊತ್ತುಕೊಂಡು ಹೋಗುತ್ತಾರೆ. ನನ್ನ ಗುತ್ತಿಗೆಯೂ ಬಹುಶಃ ಅದೇ ಲಾರಿ ಹತ್ತುತ್ತದೆ.

ನಮ್ಮ ಲೆಕ್ಕಪತ್ರದ ಅಧಿಕಾರಿಗೆ ಕಚೇರಿಯಲ್ಲಿ ಎಲ್ಲರೂ ಇಟ್ಟಿರುವ ಹೆಸರು ‘ಇಲ್ಲಪ್ಪ’. ಏಕೆಂದು ನೀವೇ ನೋಡಿ.

“ಸರ್, ಬುಟ್ಟಿಗಳಿಗೆ ಹಣ?”

“ಇಲ್ಲ.”

“ಮುಂದಿನ ತಿಂಗಳು ಏನಾದ್ರೂ…”

“ಇಲ್ಲಮ್ಮ. ನೀನು ಬಾಗಿಲು ತಳ್ಳೋಕೆ ಮುಂಚೆನೇ ಇಲ್ಲ.”

“ಹೊರಗಡೆಯಿಂದ ಯಾರಾದ್ರೂ ಕೊಟ್ರೆ?”

ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. “ಕೊಟ್ರೆ ಬೇಡ ಅನ್ನಲ್ಲ.” ಅವರ ಸೇವಾವಧಿಯಲ್ಲಿ ಇದೇ ಅತಿ ದೊಡ್ಡ ಔದಾರ್ಯವಂತೆ.

ಹೊರಗಡೆಯವರನ್ನು ಕೇಳಿ ನೋಡಿದೆ. ಅಂಗಡಿಯವರ ಸಂಘಕ್ಕೆ ಬುಟ್ಟಿ ಬೇಕೇ ಬೇಕು, ಆದರೆ ಪಕ್ಕದ ಅಂಗಡಿಯ ಮುಂದೆ. ತಂಪುಪಾನೀಯದ ಕಂಪನಿಯೊಂದು ಹಣ ಕೊಡುತ್ತದಂತೆ, ಬುಟ್ಟಿಯ ಬಾಯಿ ಅವರ ಬಾಟಲಿ ಹಿಡಿಸುವಷ್ಟೇ ಇರಬೇಕಂತೆ. “ಉಳಿದ ಕಸ ಎಲ್ಲಿ ಹಾಕೋದು ಸರ್?” ಎಂದರೆ, “ಅದು ನಮ್ಮದಲ್ವಲ್ಲಮ್ಮ” ಎಂದರು.

ಅಪ್ಪ ಎಂದಿನಂತೆ ಇದ್ದಾರೆ. ಬೆಳಿಗ್ಗೆ ಕೆಳಗಿನ ಕೋಣೆಗೆ ಇಳಿದು ದೀಪ ಹಾಕಿಕೊಂಡು ಹಿತ್ತಾಳೆಯ ಫಲಕ ಕೆತ್ತಲು ಕುಳಿತರೆ ಊಟಕ್ಕೆ ನಾನೇ ಕೂಗಬೇಕು. ಮನೆಯ ಮೆಟ್ಟಿಲಲ್ಲೆಲ್ಲ ಹಳದಿ ಪುಡಿ. ಅಮ್ಮನ ಕಂದು ಕೈಚೀಲ ಎರಡು ವರ್ಷದಿಂದ ಅವರ ಕೆಲಸದ ಮೇಜಿನ ಪಕ್ಕದ ಗೂಟದಲ್ಲೇ ನೇತಾಡುತ್ತಿದೆ. ಅದರೊಳಗೆ ಏನಿದೆ ಎಂದು ನಿಮಗೆ ಗೊತ್ತಲ್ಲ: ಕೊನೆಯ ಸಲ ಪೇಟೆಗೆ ಹೋದಾಗಿನ ಬಸ್ ಟಿಕೆಟು, ಮಿಠಾಯಿ ಸುತ್ತಿದ ಕಾಗದ, ಒಣಗಿದ ಕಿತ್ತಳೆ ಸಿಪ್ಪೆ. ದಾರಿಯಲ್ಲಿ ಬುಟ್ಟಿ ಕಾಣಲಿಲ್ಲವೆಂದು ಅಮ್ಮ ಮನೆಗೆ ತಂದ ಕಸ. ಅಪ್ಪ ಅದನ್ನು ತಾವೂ ಖಾಲಿ ಮಾಡುವುದಿಲ್ಲ, ನನಗೂ ಮುಟ್ಟಗೊಡುವುದಿಲ್ಲ.

ಏನಾದರೂ ದಾರಿ ತೋಚಿದರೆ ಬರೆಯಿರಿ.

ನಿಮ್ಮ
ಅಳಿಲು

*

ಜುಲೈ ೧೨

ಪ್ರೀತಿಯ ಅಳಿಲು,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೆಯ ಸಲ ನಿನ್ನ ಅತ್ತೆಗಾಗಿ, ಗಟ್ಟಿಯಾಗಿ. ಈ ಹೆಸರು ನಿನಗೆ ನಾನಿಟ್ಟದ್ದು. ಸಿಕ್ಕಿದ್ದನ್ನೆಲ್ಲ ಎರಡೂ ಕೆನ್ನೆಯಲ್ಲಿ ತುಂಬಿಕೊಂಡು ಮೂಲೆಗೆ ಓಡುತ್ತಿದ್ದೆ. ಸೇತುವೆ ಕಟ್ಟುವ ದೊಡ್ಡವರ ನಡುವೆ ಮರಳು ಹೊರುವ ಜೀವವೂ ಒಂದಿರಬೇಕೆಂದು ನಾನು ಆಗಲೇ ನಂಬಿದ್ದೆ. ನಿನ್ನ ಬೆನ್ನ ಮೇಲೆ ಬೆರಳೆಳೆಯುವವರು ಇನ್ನೂ ಬಂದಿಲ್ಲ, ಅಷ್ಟೆ.

ನಿನ್ನ ಅಮ್ಮನ ಚೀಲದ ವಿಷಯ ಓದಿ ಸ್ವಲ್ಪ ಹೊತ್ತು ಕಾಗದವನ್ನು ಮಡಿಚಿಟ್ಟೆ. ನನ್ನ ತಂಗಿಗೆ ಆ ಅಭ್ಯಾಸ ಮೊದಲಿನಿಂದಲೂ ಇತ್ತು. ಶಾಲೆಯಿಂದ ಬರುವಾಗ ಮಿಠಾಯಿಯ ಕಾಗದವನ್ನು ಮುಷ್ಟಿಯಲ್ಲಿ ಹಿಡಿದು ಮನೆಯವರೆಗೂ ನಡೆಯುತ್ತಿದ್ದಳು. ಅಂಗೈಯೆಲ್ಲ ಅಂಟು. “ಎಸೆಯೇ ಅದನ್ನ” ಎಂದರೆ ನಿಂತು, ಸುತ್ತ ನೋಡಿ, “ಎಲ್ಲಿ?” ಎನ್ನುತ್ತಿದ್ದಳು. ಆ ಪ್ರಶ್ನೆಗೆ ನಮ್ಮ ಊರುಗಳು ಇಂದಿಗೂ ಉತ್ತರ ಕೊಟ್ಟಿಲ್ಲ.

ಈಗ ನನಗೊಂದು ಯೋಚನೆ ಹೊಳೆದಿದೆ. ನಿಮ್ಮ ಕೆರೆಯ ದಂಡೆಯಲ್ಲಿ ಎಷ್ಟೊಂದು ಕಲ್ಲುಬೆಂಚುಗಳಿವೆ! ಒಂದೊಂದರ ಬೆನ್ನಿಗೂ ತೀರಿಹೋದ ಒಬ್ಬೊಬ್ಬರ ಹೆಸರಿನ ಹಿತ್ತಾಳೆಯ ಫಲಕ; ಅವೆಲ್ಲ ನಿನ್ನ ಅಪ್ಪನ ಕೈಯ ಕೆತ್ತನೆಯೇ. ಬೆಂಚು ಕೊಟ್ಟವರು ಬುಟ್ಟಿಯನ್ನೇಕೆ ಕೊಡಬಾರದು? ಕುಳಿತುಕೊಳ್ಳಲು ಒಂದು ಜಾಗ ಕೊಡುವುದು ಪುಣ್ಯವಾದರೆ, ಬೀದಿಯನ್ನು ಚೊಕ್ಕಟವಾಗಿಡಲು ಒಂದು ಜಾಗ ಕೊಡುವುದು ಅದಕ್ಕಿಂತ ಕಡಿಮೆಯೇ? ಮನೆಮನೆಗೆ ಹೋಗಿ ಕೇಳು. ನಾಚಿಕೆಪಡಬೇಕಾದದ್ದು ಎಸೆಯುವವನು, ಎತ್ತಿಡುವವನಲ್ಲ.

ಇನ್ನೊಬ್ಬರನ್ನು ಕೇಳುವ ಮೊದಲು ನಮ್ಮಿಂದಲೇ ಆರಂಭವಾಗಲಿ. ಮೊದಲ ಬುಟ್ಟಿ ನಿನ್ನ ಅಮ್ಮನ ಹೆಸರಿನಲ್ಲಿ. ಅದರ ಬೆಲೆ ನನ್ನದು. ಭಾವನವರಿಗೆ ಮುಂಚಿತವಾಗಿ ಹೇಳಬೇಡ. ಕೇಳಿದರೆ ಬೇಡವೆನ್ನುವವರೂ ಕಣ್ಣಾರೆ ಕಂಡಾಗ ಒಪ್ಪಿಕೊಳ್ಳುತ್ತಾರೆ. ತರಗತಿಯಲ್ಲಿ ಜೀವಮಾನ ಕಳೆದು ನಾನು ಕಲಿತದ್ದು ಇದು. ಎಲ್ಲ ಸಿದ್ಧವಾದ ಮೇಲೆ ಕರೆದೊಯ್ದು ತೋರಿಸು.

ನಿನ್ನ ಅತ್ತೆ ಇಲ್ಲಿಂದಲೇ ಕೂಗುತ್ತಿದ್ದಾಳೆ: “ನಾನು ಹೋದ್ಮೇಲೆ ನನಗೆ ಬೆಂಚೇ ಬೇಕು ಅಂತ ಬರೀರಿ. ಬುಟ್ಟಿ ನೀವು ತಗೊಳ್ಳಿ.” ಬರೆದಿದ್ದೇನೆ.

ಭರವಸೆಯೊಂದಿಗೆ,
ಮಾವ

*

ಸೆಪ್ಟೆಂಬರ್ ೨

ಪ್ರೀತಿಯ ಮಾವ,

ಈ ಸಲ ನೀವು “ಸಂತೋಷ” ಎಂದರೂ ಅಡ್ಡಿಯಿಲ್ಲ.

ಆರು ಮನೆಯವರು ಒಪ್ಪಿದ್ದಾರೆ! ಮೊದಲು ಕೆಲವರು ಮುಖದ ಮೇಲೆ ಬಾಗಿಲು ಹಾಕಿದ್ದು ನಿಜ. “ನಮ್ಮಪ್ಪನ ಹೆಸರು ಕಸದ ಮೇಲಾ? ಹೋಗಮ್ಮ, ನಿಂಗೆ ಹೇಳೋರು ಕೇಳೋರು ಯಾರೂ ಇಲ್ವಾ?” ಎಂದು ಒಬ್ಬರು ಗದರಿದರು. ಆದರೆ ನಿವೃತ್ತ ಬಸ್ ಕಂಡಕ್ಟರೊಬ್ಬರು ಹೇಳಿದ್ದು ಕೇಳಿ: “ನಮ್ಮಣ್ಣ ಜೀವ ಇರೋವರೆಗೂ ನನ್ನ ಬಸ್ಸಲ್ಲೇ ಕೂತು ಕಡಲೆಕಾಯಿ ಸಿಪ್ಪೆ ಉದುರಿಸಿದೋನು. ಹಾಕಮ್ಮ ಅವನ ಹೆಸರು. ಈಗ್ಲಾದ್ರೂ ಬಾಯಿ ತೆರ್ಕೊಂಡು ಸಿಪ್ಪೆ ತಗೊಳ್ಳಲಿ.” ಹೊಲಿಗೆ ಕಲಿಸುವ ಮೇಡಂ ತಮ್ಮ ತಾಯಿಗೆ ಒಂದು ಕೊಟ್ಟರು. ಒಬ್ಬರಿಂದ ಒಬ್ಬರಿಗೆ ಮಾತು ಹರಡಿ ಆರಾಯಿತು.

ಇಲ್ಲಪ್ಪನವರು ಪಟ್ಟಿ ನೋಡಿ, “ಸತ್ತೋರಿಂದ ಹಣ ತರ್ತಿದೀಯಲ್ಲಮ್ಮ, ನಾನು ಬದುಕಿರೋರಿಂದಾನೇ ತರೋಕಾಗ್ಲಿಲ್ಲ” ಎಂದರು.

ಅಮ್ಮನ ಬುಟ್ಟಿಯನ್ನು ಬಸ್ ನಿಲ್ದಾಣದ ಪಕ್ಕ, ಅವಳು ಯಾವಾಗಲೂ ನಿಲ್ಲುತ್ತಿದ್ದ ಕಂಬದ ಬಳಿ ನಿಲ್ಲಿಸಿದ್ದೇವೆ. ಅಪ್ಪನಿಗೆ ಗೊತ್ತಾಗಬಾರದಲ್ಲ, ಅದಕ್ಕೆ ಅದರ ಫಲಕವನ್ನು ನಮ್ಮ ಮನೆಯ ಎದುರು ಹೊಸದಾಗಿ ಬಂದಿರುವ ಅಂಗಡಿಯಲ್ಲಿ ಮಾಡಿಸಿದೆ. ಅಲ್ಲಿ ಯಂತ್ರ ಕೆತ್ತುತ್ತದೆ. ಹುಡುಗ ಅಕ್ಷರ ಒತ್ತಿದ, ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅಮ್ಮನ ಹೆಸರು ಹೊರಗೆ ಬಂತು. ಅಕ್ಷರಗಳು ಬಹಳ ನೀಟಾಗಿವೆ. ಉಳಿದ ಮನೆಗಳಲ್ಲಿ ಮೂವರು, ನಾನು ಹೋದ ಕಡೆಯೇ ಹೋಗಿ ತಮ್ಮದನ್ನೂ ಮಾಡಿಸಿ ಹಾಕಿಬಿಟ್ಟರು. ಇನ್ನು ಮೂವರಿಗೆ ಅಪ್ಪನ ಕೈಯ ಕೆಲಸವೇ ಬೇಕಂತೆ, ಬೆಂಚಿಗೆ ಮಾಡಿದಂಥದ್ದು. ಮುಂದಿನ ವಾರ ಅವರೇ ಅಪ್ಪನನ್ನು ಕೇಳುತ್ತಾರೆ. ಅಷ್ಟರಲ್ಲಿ ಅಪ್ಪನಿಗೆ ತೋರಿಸಿರುತ್ತೇನೆ.

ನಾಳೆ ರಜೆ. “ಸುಮ್ನೆ ಬಸ್ ಸ್ಟಾಂಡ್ ತನಕ ಬನ್ನಿ ಅಪ್ಪ” ಎಂದಿದ್ದೇನೆ. “ಯಾಕೆ?” ಎಂದರು. “ಬನ್ನಿ ಅಂದ್ರೆ ಬನ್ನಿ” ಎಂದೆ. ಒಪ್ಪಿದ್ದಾರೆ. ಅಂಗಿಗೆ ಇಸ್ತ್ರಿ ಕೂಡ ಹಾಕಿಸಿಕೊಂಡಿದ್ದಾರೆ.

ನಾಳೆಯೇ ಬರೆಯುತ್ತೇನೆ.

ನಿಮ್ಮ
ಅಳಿಲು

*

ಸೆಪ್ಟೆಂಬರ್ ೨೫

ಪ್ರೀತಿಯ ಅಳಿಲು,

“ನಾಳೆಯೇ” ಎಂದು ಬರೆದಿದ್ದೆ. ಅಂಚೆಯವನು ಗೇಟು ದಾಟಿ ಮುಂದೆ ಹೋಗುವುದನ್ನು ದಿನವೂ ಕಿಟಕಿಯಿಂದ ನೋಡುತ್ತಿದ್ದೇನೆ. ನಿನ್ನ ಅತ್ತೆ ಫೋನು ಮಾಡಿದಾಗ “ಎಲ್ಲ ಚೆನ್ನಾಗಿದೆ” ಎಂದೆಯಂತೆ. ನೀನು ಅಷ್ಟು ಚುಟುಕಾಗಿ ಮಾತಾಡಿದರೆ ಏನೂ ಚೆನ್ನಾಗಿಲ್ಲವೆಂದು ಅವಳ ಅಭಿಪ್ರಾಯ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಬರೆ.

ಮಾವ

*

ಅಕ್ಟೋಬರ್ ೯

ಮಾವ,

ಎರಡು ಸಲ ಬರೆದು ಹರಿದೆ. ಹರಿದದ್ದನ್ನು ಕಾಗದದ ಬುಟ್ಟಿಗೇ ಹಾಕಿದ್ದೇನೆ, ಚಿಂತೆ ಬೇಡ.

ಅಪ್ಪ ಬಂದರು. ಕಂಬದ ಹತ್ತಿರ ನಿಂತು, “ಇಲ್ನೋಡಿ ಅಪ್ಪ” ಎಂದೆ. ಅವರು ಮೊದಲು ಬುಟ್ಟಿಯನ್ನು ನೋಡಿದರು, ಆಮೇಲೆ ಫಲಕವನ್ನು. ಕನ್ನಡಕ ಹಾಕಿಕೊಂಡು ಬಗ್ಗಿದರು. ಹೆಬ್ಬೆರಳನ್ನು ಅಕ್ಷರಗಳ ಮೇಲೆ ನಿಧಾನವಾಗಿ, ಎಡದಿಂದ ಬಲಕ್ಕೆ ಎಳೆದರು. ದುರಸ್ತಿಗೆ ಬಂದ ಹಳೆಯ ಫಲಕಗಳನ್ನು ಅವರು ನೋಡುವುದೂ ಹೀಗೆಯೇ.

“ಎಲ್ಲಿ ಮಾಡಿಸ್ದೆ?”

“ಎದುರು ಅಂಗಡೀಲಿ, ಅಪ್ಪ. ಮಾವ ಹೇಳಿದ್ರು, ಅಮ್ಮನಿಂದಲೇ ಶುರು ಆಗ್ಲಿ ಅಂತ.”

“ಹೂಂ” ಎಂದರು. ಅಷ್ಟೇ. ನನ್ನನ್ನು ಕಾಯದೆ ರಸ್ತೆ ದಾಟಿ ಹೊರಟರು. ನಾನು ಮನೆಗೆ ಬಂದಾಗ ಕೆಳಗಿನ ಕೋಣೆಯಲ್ಲಿ ದೀಪ ಹಾಕದೆ ಕುಳಿತಿದ್ದರು.

ಅಂದಿನಿಂದ ನಮ್ಮ ಮಾತು ಇಷ್ಟು. “ಊಟ ಆಯ್ತಾ?” “ಆಯ್ತು.” “ಬೀಗ ಹಾಕ್ದೆಯಾ?” “ಹಾಕ್ದೆ.”

ಅಪ್ಪನ ಕೈಯ ಫಲಕವೇ ಬೇಕೆಂದಿದ್ದ ಮೂವರೂ ಬಂದರು. ಮೂವರಿಗೂ ಅವರು ಒಂದೇ ಮಾತು ಹೇಳಿದರು: “ಬುಟ್ಟಿಗೆ ನಾನು ಕೆತ್ತಲ್ಲ. ಎದುರುಗಡೆ ಹೋಗಿ, ಬೇಗ ಆಗತ್ತೆ.” ಅವರು ಎದುರುಗಡೆ ಹೋಗಲಿಲ್ಲ, ನನ್ನ ಕಚೇರಿಗೆ ಬಂದರು. “ಬೆಂಚಿಗೆ ಕೆತ್ತೋರು ಬುಟ್ಟಿಗೆ ಆಗಲ್ಲ ಅಂದ್ರೆ ಅದ್ರಲ್ಲಿ ಏನೋ ಕೊರತೆ ಇರ್ಬೇಕಲ್ವಾ? ನಿಮ್ಮ ಮನೆಯವರೇ ಒಪ್ಪದೆ ಇರೋದನ್ನ ನಮಗ್ಯಾಕಮ್ಮ ಕಟ್ತೀಯ?” ಎಂದರು. ಮೂವರೂ ಹಿಂದೆ ಸರಿದರು. ಹೊಸಬರು ಯಾರೂ ಬರುತ್ತಿಲ್ಲ.

ಹೋದ ವಾರ ಬಸ್ ನಿಲ್ದಾಣಕ್ಕೆ ಹೋಗಿ, ಅಮ್ಮನ ಫಲಕವನ್ನು ನಾನೇ ತಿರುಪು ಬಿಚ್ಚಿ ತೆಗೆದೆ. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು “ಯಾಕಮ್ಮ, ಹಣ ಕಟ್ಲಿಲ್ವಾ?” ಎಂದು ಕೇಳಿದರು. ತಲೆಯಾಡಿಸಿದೆ. ಫಲಕ ಈಗ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಅಮ್ಮನನ್ನು ಕಸದ ಪಕ್ಕ ನಿಲ್ಲಿಸಿದೆ ಎಂದು ಅಪ್ಪನಿಗೆ ನೋವಾಗಿದೆ. ಆ ನೋವನ್ನು ಕೊಟ್ಟವಳು ನಾನು.

ಅಳಿಲು

*

ಅಕ್ಟೋಬರ್ ೨೦

ನನ್ನ ಕಂದ,

ಕೊಟ್ಟವಳು ನೀನಲ್ಲ. “ಮುಂಚಿತವಾಗಿ ಹೇಳಬೇಡ” ಎಂದವನು ನಾನು. ತರಗತಿಯ ಮಕ್ಕಳಿಗೂ ಹೆಂಡತಿಯನ್ನು ಕಳೆದುಕೊಂಡವರಿಗೂ ಒಂದೇ ಪಾಠಕ್ರಮ ಹೊಂದುತ್ತದೆಂದು ಭಾವಿಸಿದವನು ನಾನು. ಈ ತಪ್ಪಿನಲ್ಲಿ ನಿನ್ನ ಪಾಲು ಹಿರಿಯರನ್ನು ನಂಬಿದ್ದಷ್ಟೇ, ಮತ್ತು ಅದನ್ನು ನೀನು ಬಿಡಬಾರದೆಂದು ನಾನು ಇನ್ನೂ ಬಯಸುತ್ತೇನೆ.

ಭಾವನವರಿಗೆ ನಿನ್ನೆ ವಿವರವಾಗಿ ಬರೆದಿದ್ದೇನೆ. ಕಸವೆಂಬುದು ಹೀನವಲ್ಲ, ಸಾರ್ವಜನಿಕ ಸ್ವಚ್ಛತೆ ನಾಗರಿಕತೆಯ ಅಡಿಪಾಯ, ಬೆಂಚಿಗೂ ಬುಟ್ಟಿಗೂ ಭೇದವೆಣಿಸುವುದು ಸಲ್ಲದು, ಹೀಗೆ ನಾಲ್ಕು ಪುಟ. ಅವರು ವಿವೇಕಿಗಳು, ಒಪ್ಪುತ್ತಾರೆ. ನೀನು ಉಳಿದ ಮನೆಗಳಿಗೆ ಹೋಗುವುದನ್ನು ನಿಲ್ಲಿಸಬೇಡ.

ಮಾವ

*

ಅಕ್ಟೋಬರ್ ೨೬

ಪ್ರೀತಿಯ ಅಳಿಲು,

ಹಿಂದಿನ ಕಾಗದ ತಲುಪಿದ್ದರೆ ಅದನ್ನು ಬದಿಗಿಡು.

ನಿನ್ನೆ ನಿನ್ನ ಅತ್ತೆ ಕಿಟಕಿಯ ಬಳಿ ಗುಂಡಿ ಹೊಲಿಯುತ್ತಿದ್ದಳು. ಭಾವನವರಿಗೆ ಬರೆದ ನಾಲ್ಕು ಪುಟಗಳ ಪ್ರತಿಯನ್ನು ಓದಿ ಹೇಳಿದೆ. ಸ್ವಲ್ಪ ಮೆಚ್ಚುಗೆ ಬರಬಹುದೆಂದು ಒಳಗೊಳಗೇ ಆಸೆಯಿತ್ತು. ಅವಳು ದಾರ ಕಚ್ಚಿ ತುಂಡರಿಸಿ ಕೇಳಿದಳು:

“ಬುಟ್ಟಿ ಬಗ್ಗೆ ಇಷ್ಟು ಬರ್ದಿದೀರಲ್ಲ, ಅವರೇನಾದ್ರೂ ಬುಟ್ಟಿ ಬಗ್ಗೆ ಕೇಳಿದ್ರಾ?”

“ಮತ್ತೇನು?”

“ಮಗು ಬರ್ದಿದಾಳಲ್ಲ. ‘ಎಲ್ಲಿ ಮಾಡಿಸ್ದೆ’ ಅಂದ್ರಂತೆ. ಅಷ್ಟೇ ಕೇಳಿದ್ದು. ಊರಲ್ಲಿ ಸತ್ತೋರ ಹೆಸರನ್ನೆಲ್ಲ ಕೆತ್ತಿದ ಮನುಷ್ಯ. ಸ್ವಂತ ಹೆಂಡ್ತಿ ಹೆಸರನ್ನ ಎದುರು ಅಂಗಡಿ ಮಿಷಿನ್ನು ಕೆತ್ತಿದೆ. ಅಲ್ಲಾ, ಇವರ ಕೈಲಿ ಆ ಹೆಸರು ಎಲ್ಲಾದ್ರೂ ಇದೆಯಾ? ನೀವು ನೋಡಿದೀರಾ?”

ನಾನು ನೆನಪಿಸಿಕೊಂಡೆ. ನಿಮ್ಮ ಬಾಗಿಲಿನ ಫಲಕದಲ್ಲಿ ಅವರ ಹೆಸರೊಂದೇ ಇದೆ. ಕೆರೆಯ ದಂಡೆಯಲ್ಲಿ ಅವಳ ಬೆಂಚಿಲ್ಲ. ಎಲ್ಲಿಯೂ ಇಲ್ಲ.

“ಹೇಳೋದು ಪುರಾಣ” ಎಂದು ಹೇಳಿ ಅವಳು ಸೂಜಿಗೆ ಮತ್ತೆ ದಾರ ಪೋಣಿಸಿದಳು. ಉಳಿದರ್ಧ ಗಾದೆಯನ್ನು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಹೇಳಲಿಲ್ಲ.

ಅವಳೆಂದದ್ದು ನಿಜವೋ ಅಲ್ಲವೋ ನನಗೆ ತಿಳಿಯದು. ನಿನ್ನ ಅಪ್ಪನನ್ನು ಕೇಳೆಂದೂ ಹೇಳಲಾರೆ, ಕೇಳಬೇಡವೆಂದೂ ಹೇಳಲಾರೆ. ನಾಲ್ಕು ಪುಟಕ್ಕೆ ಅವರಿಂದ ಉತ್ತರ ಬಂದಿಲ್ಲ. ಬರದಿರುವುದೇ ನ್ಯಾಯವೆಂದು ಈಗ ತೋರುತ್ತದೆ.

ಮಾವ

*

ಡಿಸೆಂಬರ್ ೧೧

ಪ್ರೀತಿಯ ಮಾವ,

ಅತ್ತೆಗೆ ಹೇಳಿ, ಅವರೆಂದದ್ದು ನಿಜ.

ಅಪ್ಪನನ್ನು ಕೇಳಲಿಲ್ಲ. ಧೈರ್ಯ ಬರಲಿಲ್ಲ. ಹೋದ ಭಾನುವಾರ ಅವರು ತಿರುಪು ತರಲು ಹೋಗಿದ್ದಾಗ ಕೆಳಗಿನ ಕೋಣೆ ಗುಡಿಸುತ್ತಿದ್ದೆ. ಮೇಜಿನ ಕೆಳಗೆ ಒಂದು ದೊಡ್ಡ ತಗಡಿನ ಡಬ್ಬವಿದೆ, ಕೆಟ್ಟ ಫಲಕ, ಕತ್ತರಿಸಿ ಉಳಿದ ಚೂರು ಎಲ್ಲ ಅದಕ್ಕೆ. ತುಂಬಿದಾಗ ಕರಗಿಸುವವನು ಬಂದು ತೂಕ ಹಾಕಿ ಒಯ್ಯುತ್ತಾನೆ. ಅದನ್ನು ಸರಿಸಿದಾಗ ಹಿಂದೆ, ಗೋಡೆಗೆ ಒರಗಿಸಿ, ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಸಿಕ್ಕಿತು. ಎಲ್ಲವೂ ಒಂದೇ ಅಳತೆಯ ಫಲಕಗಳು. ಕೆಲವು ಕಪ್ಪಾಗಿವೆ, ಕೆಲವು ಇನ್ನೂ ಹೊಳೆಯುತ್ತಿವೆ. ಪ್ರತಿಯೊಂದರಲ್ಲೂ ಅಮ್ಮನ ಹೆಸರಿನ ಮೊದಲ ಅಕ್ಷರ ಮಾತ್ರ. ಕೆಲವುಗಳಲ್ಲಿ ಅದೂ ಪೂರ್ತಿಯಿಲ್ಲ. ತಲೆಕಟ್ಟು ಎಳೆದು ಉಳಿ ನಿಂತುಹೋಗಿದೆ.

ಎರಡು ವರ್ಷದಲ್ಲಿ ಆ ಡಬ್ಬ ಎಷ್ಟೋ ಸಲ ಖಾಲಿಯಾಗಿರಬೇಕು. ಇವನ್ನು ಮಾತ್ರ ಅಪ್ಪ ಕರಗಲು ಕೊಟ್ಟಿಲ್ಲ.

ಬಟ್ಟೆಯನ್ನು ಮೊದಲಿದ್ದಂತೆ ಸುತ್ತಿ ಇಟ್ಟೆ. ಅವರಿಗೆ ಆಗದೇ ಇದ್ದ ಕೆಲಸವನ್ನು ನಾನು ಚಹಾ ಕುಡಿಯುತ್ತ ಮಾಡಿಸಿ ತಂದೆ, ಮಾವ. “ನೀಟಾಗಿವೆ” ಎಂದು ನಿಮಗೆ ಬರೆದೆ ಬೇರೆ.

ಇನ್ನೊಂದು ಸುದ್ದಿ. ಸಭೆ ನಿನ್ನೆ ತೀರ್ಮಾನಿಸಿತು. ನಗರಸಭೆ ಕಾಸು ಬಿಚ್ಚುವುದಿಲ್ಲ. “ಹೆಸರಿರುವ ಬುಟ್ಟಿಗಳು ಇರಲಿ, ಉಳಿದವನ್ನು ಹಿಂದಿರುಗಿಸಿ” ಎಂದು ಆದೇಶ. ಲಾರಿ ಈ ತಿಂಗಳ ಕೊನೆಯ ದಿನ ಬರುತ್ತದೆ. ಹೆಸರಿನ ಫಲಕ ಇರುವವು ಈಗ ಮೂರು. ಅಮ್ಮನ ಬುಟ್ಟಿಗೆ ನೀವು ಹಣ ಕಟ್ಟಿದ್ದೀರಿ, ಆದರೆ ಫಲಕ ಡ್ರಾಯರಿನಲ್ಲಿದೆ. ಇಲ್ಲಪ್ಪನವರನ್ನು ಕೇಳಿದೆ.

“ಸರ್, ರಸೀದಿ ಇದೆಯಲ್ಲ. ಸಾಲದಾ?”

“ಇಲ್ಲ. ಹೆಸರು ಬುಟ್ಟಿ ಮೇಲೇ ಕಾಣ್ಬೇಕು. ಲಾರಿಯವರು ರಸೀದಿ ಓದ್ತಾರಾ?” ಆಮೇಲೆ ದನಿ ತಗ್ಗಿಸಿ, “ಫಲಕ ಇಟ್ಕೊಂಡಿದೀಯಲ್ಲ, ಮತ್ತೆ ಹಾಕ್ಬಿಡಮ್ಮ. ಎರಡು ತಿರುಪು ತಾನೆ” ಎಂದರು. ನಿಜ, ಎರಡೇ ತಿರುಪು.

ದಿನವೂ ಡ್ರಾಯರು ತೆರೆಯುತ್ತೇನೆ, ಮುಚ್ಚುತ್ತೇನೆ. ಹಾಕಿದರೆ ಬುಟ್ಟಿ ಉಳಿಯುತ್ತದೆ. ಹಾಕಿದರೆ ಅಪ್ಪ ಪೇಟೆಗೆ ಹೋಗುವ ಬರುವ ದಾರಿಯಲ್ಲಿ ಆ ಯಂತ್ರದ ಅಕ್ಷರಗಳನ್ನು ಮತ್ತೆ ನೋಡಬೇಕು. ಏನು ಮಾಡಲಿ?

ನಿಮ್ಮ
ಅಳಿಲು

*

ಡಿಸೆಂಬರ್ ೧೮

ಪ್ರೀತಿಯ ಅಳಿಲು,

“ಏನು ಮಾಡಲಿ” ಎಂದು ಕೇಳಿದ್ದೀಯೆ. ನನ್ನ ಆಯುಷ್ಯದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದೆ ನಾನು ಲೇಖನಿ ಕೆಳಗಿಟ್ಟದ್ದಿಲ್ಲ. ಇಂದು ಇಡುತ್ತಿದ್ದೇನೆ.

ಬೆಲೆ ಕೊಟ್ಟವನು ನಾನೆಂಬ ಕಾರಣಕ್ಕೆ ಆ ಬುಟ್ಟಿ ಉಳಿಯಬೇಕೆಂದೇನೂ ಇಲ್ಲ. ಲಾರಿಯೊಡನೆ ಹೋದರೆ ನನಗೆ ದುಃಖವಾಗುತ್ತದೆ, ಅಷ್ಟೆ. ದುಃಖವನ್ನು ನಾನು ನಿಭಾಯಿಸಬಲ್ಲೆ. ನೀನು ಯಾವುದನ್ನು ಆರಿಸಿದರೂ ನಾವಿಬ್ಬರೂ ನಿನ್ನ ಕಡೆಗಿದ್ದೇವೆ.

ಭಾವನವರಿಗೆ ಇನ್ನೊಂದು ಕಾಗದ ಬರೆದೆ. ಈ ಸಲ ಎರಡೇ ಸಾಲು: “ಕ್ಷಮಿಸಿ. ನಿಮ್ಮನ್ನು ಕೇಳಬೇಕಾಗಿತ್ತು.” ನಿನ್ನ ಅತ್ತೆ ಅದನ್ನು ಓದಿ, ತಾನೇ ಅಂಚೆಗೆ ಹಾಕಿ ಬಂದಳು.

ಮಾವ

*

ಜನವರಿ ೨

ಪ್ರೀತಿಯ ಮಾವ ಮತ್ತು ಅತ್ತೆಗೆ,

ಲಾರಿ ಬಂದು ಹೋಯಿತು.

ಫಲಕವನ್ನು ನಾನು ಹಾಕಲಿಲ್ಲ. ಕೊನೆಯ ದಿನದವರೆಗೂ ಮನಸ್ಸು ಹೊಯ್ದಾಡಿತು, ಕೊನೆಗೆ ಡ್ರಾಯರು ಮುಚ್ಚಿ ಬೀಗ ಹಾಕಿದೆ. ಬೆಳಿಗ್ಗೆ ಲಾರಿಯವರ ಜೊತೆ ನಾನೇ ಹೋಗಬೇಕಿತ್ತು, ಯಾವುದನ್ನು ಎತ್ತಬೇಕೆಂದು ತೋರಿಸಲು. ಮಾರುಕಟ್ಟೆಯ ಬಳಿ ಎರಡು, ಆಸ್ಪತ್ರೆಯ ಮುಂದೆ ಒಂದು, ಕೆರೆಯ ದಂಡೆಯಲ್ಲಿ ಎರಡು, ಶಾಲೆಯ ಗೇಟಿನಲ್ಲಿ ಒಂದು. ಬುಡದ ಬೋಲ್ಟು ಬಿಚ್ಚಿ, ತಲೆಕೆಳಗಾಗಿಸಿ, ಹಗ್ಗ ಕಟ್ಟಿ ಏರಿಸಿದರು. ಶಾಲೆಯ ಕಾವಲುಗಾರ “ಮಕ್ಕಳು ಈಗಷ್ಟೇ ಅಭ್ಯಾಸ ಮಾಡ್ಕೊಂಡಿದ್ರಲ್ಲಮ್ಮ” ಎಂದ. ಬಸ್ ನಿಲ್ದಾಣವನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಅಲ್ಲಿ ನಾನು ಲಾರಿಯಿಂದ ಇಳಿಯಲೇ ಇಲ್ಲ. “ಆ ಕಂಬದ ಹತ್ರ ಇರೋದು, ಅದೇ ಕೊನೇದು” ಎಂದು ಬೆರಳು ತೋರಿಸಿ ಮುಖ ಆಚೆ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು.

“ಮೇಡಂ, ಇದನ್ನ ಎತ್ತಂಗಿಲ್ಲ. ಇದಕ್ಕೆ ಹೆಸರಿದೆ.”

“ಇಲ್ಲ ಕಣಪ್ಪ, ಅದಕ್ಕಿಲ್ಲ.”

“ಇಳಿದು ನೋಡಿ ಮೇಡಂ. ನಮಗೇನು, ಕಣ್ಣಿಲ್ವಾ?”

ಇಳಿದೆ.

ಹಿತ್ತಾಳೆಯ ಫಲಕ. ಕೈಯಲ್ಲಿ ಕೆತ್ತಿದ್ದು. ಮೊದಲ ಅಕ್ಷರ ಉಳಿದವಕ್ಕಿಂತ ಆಳವಾಗಿದೆ, ತಲೆಕಟ್ಟಿನಲ್ಲಿ ಒಂದು ಕಡೆ ಉಳಿ ಜಾರಿದ ಗೀರು. ಅದನ್ನು ಉಜ್ಜಿ ಅಳಿಸಿಲ್ಲ, ಹಾಗೆಯೇ ಬಿಟ್ಟಿದ್ದಾರೆ. ಎರಡನೆಯ ಅಕ್ಷರದಿಂದ ಕೈ ಸ್ಥಿರವಾಗಿದೆ. ಹೆಸರಿನ ಕೆಳಗೆ ಹುಟ್ಟಿದ ದಿನ, ಹೋದ ದಿನ ಯಾವುದೂ ಇಲ್ಲ. ಒಂದೇ ಒಂದು ಸಾಲು:

‘ಬುಟ್ಟಿ ಕಾಣದಾಗ ಮನೆಗೇ ತರುತ್ತಿದ್ದಳು.’

ಲಾರಿಯವನು ಅದನ್ನು ಗಟ್ಟಿಯಾಗಿ ಓದಿದ. “ಯಾರೋ ಒಳ್ಳೇ ಹೆಂಗ್ಸು ಇರ್ಬೇಕು” ಎಂದು ಹೇಳಿ ಹಗ್ಗ ಸುತ್ತತೊಡಗಿದ.

ಉಳಿದದ್ದು ನಾಲ್ಕು, ಹೋದದ್ದು ಆರು. ನನ್ನ ಗುತ್ತಿಗೆಯನ್ನು ಇನ್ನಾರು ತಿಂಗಳು ಮುಂದುವರಿಸಿದ್ದಾರೆ, “ಅದಕ್ಕಿಂತ ಇಲ್ಲ” ಎಂಬ ಷರಾದೊಂದಿಗೆ. ಇದನ್ನು ಗೆಲುವೆನ್ನಲು ನನಗೆ ಬಾಯಿ ಬರುವುದಿಲ್ಲ, ಮಾವ. ಸಂಜೆ ಕೆರೆಯ ದಂಡೆಯಲ್ಲಿ ನಡೆದು ಬರುವಾಗ ಒಬ್ಬ ಅಜ್ಜ ಕಿತ್ತಳೆ ತಿಂದು, ಸಿಪ್ಪೆ ಹಿಡಿದು, ನೆಲದಲ್ಲಿ ನಾಲ್ಕು ಬೋಲ್ಟಿನ ತೂತು ಮಾತ್ರ ಉಳಿದಿರುವ ಜಾಗದ ಮುಂದೆ ನಿಂತಿದ್ದರು.

“ಇಲ್ಲೇ ಇತ್ತಲ್ಲಮ್ಮ?”

“ಇತ್ತು ತಾತ. ಕೊಡಿ ಇಲ್ಲಿ” ಎಂದು ಇಸಿದುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದಾಗ ಅಪ್ಪ ಕೆಳಗಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಕುಳಿತಿದ್ದರು. ಫಲಕದ ವಿಷಯ ನಾನೆತ್ತಲಿಲ್ಲ. ಅವರೇ ತಲೆಯೆತ್ತದೆ, “ಎದುರು ಅಂಗಡಿಯೋರು ಕಬ್ಬಿಣದ ತಿರುಪು ಹಾಕಿದ್ರು. ಒಂದು ಮಳೆಗೆ ತುಕ್ಕು ಹಿಡೀತಿತ್ತು” ಎಂದರು. “ಹೂಂ ಅಪ್ಪ” ಎಂದೆ. ಅಮ್ಮನ ಕಂದು ಚೀಲ ಗೂಟದಲ್ಲೇ ಇದೆ, ತುಂಬಿದ್ದು ತುಂಬಿದಂತೆಯೇ. ಅದು ಅಷ್ಟು ಬೇಗ ಬದಲಾಗುವುದಿಲ್ಲವೆಂದು ಕಾಣುತ್ತದೆ.

ನನ್ನ ಚೀಲವನ್ನು ಮೂಲೆಯ ಬುಟ್ಟಿಗೆ ಬಗ್ಗಿಸಿ ಸಿಪ್ಪೆ ಸುರಿದೆ. ಅಪ್ಪ ಕೈ ನಿಲ್ಲಿಸಿ ನೋಡಿದರು. ಸಿಪ್ಪೆಯನ್ನು ನೋಡಿದರು, ಚೀಲವನ್ನು ನೋಡಿದರು, ಆಮೇಲೆ ನನ್ನನ್ನು.

“ಎಲ್ಲಿಂದ ತಂದೆ?”

“ಕೆರೆ ದಂಡೆಯಿಂದ. ಅಲ್ಲಿದ್ದ ಬುಟ್ಟಿ ಹೋಯ್ತಲ್ಲ.”

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು, ಕೆಳಗಿನ ಖಾನೆಯಿಂದ ಏನೂ ಕೆತ್ತದ ಫಲಕ ತೆಗೆದು, ದೀಪದ ಕೆಳಗೆ ಸರಿಯಾಗಿ ಕೂರಿಸಿ, ಉಳಿ ಕೈಗೆತ್ತಿಕೊಂಡರು.

“ಅದು ವಾಪಸ್ ಬರ್ಬೇಕಂದ್ರೆ ಯಾರ ಹೆಸರು ಬೇಕು, ಹೇಳು” ಎಂದರು.

ನಿಮ್ಮ
ಅಳಿಲು